ಐದು ತಲೆ ಒಳಗಾದ ಮೇಲೆ

ನಮ್ಮ ಓಣಿಯಲ್ಲಿ ಇವತ್ತಿಗೂ ಯಾರನ್ನು ಕೇಳಿದರೂ ಒಂದೇ ಮಾತು: ಒರಳುಕಲ್ಲನ್ನು ಮೂರು ಸುತ್ತು ಸುತ್ತಿಸಿದ್ದಕ್ಕೇ ಆ ನಾಯಿ ಬದುಕಿಕೊಂಡಿತು. ಹೀಗೆ ಹೇಳುವವರಲ್ಲಿ ಒಬ್ಬರೂ ಆ ಸಂಜೆ ನಮ್ಮ ಅಂಗಳದಲ್ಲಿ ಇರಲಿಲ್ಲ. ನಾನಿದ್ದೆ. ಸುಮ್ಮನೆ ಇರಲಿಲ್ಲ, ಸುತ್ತು ಸುತ್ತಿಗೂ ತಕರಾರು ತೆಗೆಯುತ್ತ ಇದ್ದೆ. ಹಾಗಾಗಿ ಈ ಕಥೆಯನ್ನು ಹಿಡಿದು ಅಲುಗಾಡಿಸಿ ನೋಡುವ ಹಕ್ಕು ಬೇರೆಯವರಿಗಿಂತ ನನಗೆ ಒಂದು ತೂಕ ಹೆಚ್ಚು ಎಂದುಕೊಂಡಿದ್ದೇನೆ.

ಅಲುಗಾಡಿಸುವುದು ಆಗ ನನಗೊಂದು ಚಟವೇ ಆಗಿತ್ತು. ತುಮಕೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದ ಇಬ್ಬರು ಹುಡುಗಿಯರಲ್ಲಿ ನಾನೊಬ್ಬಳು. ಕನ್ನಡ ನಾಡೆಲ್ಲ ಒಂದಾಗಬೇಕೋ, ಮೈಸೂರು ಮೈಸೂರಾಗಿಯೇ ಇರಬೇಕೋ ಎಂದು ಕಾಫಿ ಹೋಟೆಲುಗಳಲ್ಲೂ ಕಿತ್ತಾಡುತ್ತಿದ್ದ ಕಾಲ ಅದು. ಒಂದು ವಾರ ಒಂದಾಗಲೇಬೇಕು ಎಂದು ವಾದಿಸಿ ಗೆದ್ದೆ. ಮುಂದಿನ ವಾರ ಎದುರು ಪಕ್ಷದವಳಿಗೆ ಜ್ವರ ಬಂತೆಂದು ಅವಳ ಜಾಗದಲ್ಲಿ ನಿಂತು, ಕೂಡದೇ ಕೂಡದು ಎಂದು ಗೆದ್ದೆ. ಯಾವ ಮಾತಿಗೂ ಒಂದು ಸೀಳು ಇದ್ದೇ ಇರುತ್ತದೆ, ಉಗುರು ಹಾಕಲು ಜಾಗ ಸಿಕ್ಕಿದರೆ ಸಾಕು, ಎಂಬುದು ನಾನು ಕಾಲೇಜಿನಲ್ಲಿ ಕಲಿತ ವಿದ್ಯೆ. ಪರೀಕ್ಷೆ ಮುಗಿಸಿ ಮಧುಗಿರಿಗೆ ಬಂದು ಮನೆಯಲ್ಲಿ ಕೂತಾಗ, ಉಗುರು ಹಾಕಲು ಸಿಕ್ಕಿದವಳು ಅಜ್ಜಿ. ಅಜ್ಜಿಗೂ ಹೊತ್ತು ಹೋಗಬೇಕಿತ್ತು.

ಮನೆಯಲ್ಲಿ ನಾವು ಐದು ಜನ. ಅಪ್ಪನ ತಾಯಿಯಾದ ಅಜ್ಜಿ, ಅಪ್ಪ, ಅಮ್ಮ, ಅಣ್ಣ, ನಾನು. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಮದ್ದಿನ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಐ.ಡಿ.ಹಳ್ಳಿಯ ತನಕ ತುಳಿದು, ಕತ್ತಲಾದ ಮೇಲೆ ಬರುತ್ತಿದ್ದರು. ಅಣ್ಣನಿಗೆ ಕೊರಟಗೆರೆಯ ಅಂಚೆ ಕಚೇರಿಯಲ್ಲಿ ಕೆಲಸ. ಸಂಜೆಯ ಬಸ್ಸಿಗೆ ಬಂದರೆ ಬಂದ, ಇಲ್ಲವಾದರೆ ಅಲ್ಲೇ ಗೆಳೆಯನ ರೂಮಿನಲ್ಲಿ ಉಳಿದ. ಅಜ್ಜಿ ಸಂಜೆಯಾದರೆ ದೇವಸ್ಥಾನದ ಕಟ್ಟೆಗೆ ಹೋಗಿ ಕೂರುವವಳು. ನಾನು ಎಲ್ಲಿ ಪೇಪರು ಸಿಕ್ಕುತ್ತದೋ ಆ ಮನೆಯಲ್ಲಿ. ಅವರವರ ಹೊತ್ತಿಗೆ ಬಂದು, ಅವರವರ ತಟ್ಟೆ ಹಾಕಿಕೊಂಡು ಉಣ್ಣುವ ಸಂಸಾರ. ಅದರಲ್ಲಿ ಏನೋ ಕೊರತೆ ಇದೆಯೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಇಂಥ ಮನೆಗೆ ಒಂದು ಶುಕ್ರವಾರ ಅಪ್ಪ ನಾಯಿ ತಂದರು.

ಅದು ಸಿರಾ ತಾಲ್ಲೂಕಿನ ಹುಲಿಕುಂಟೆಯ ಕಡೆಯ ಕುರಿಗಾಹಿ ಮುದುಕನೊಬ್ಬನದು. ಅವನ ಕುರಿಗಳಿಗೆ ಅಪ್ಪ ಎಷ್ಟೋ ಸಲ ಮದ್ದು ಹಾಕಿದ್ದರು. ಮುದುಕನ ಎರಡೂ ಕಣ್ಣಿಗೆ ಪೊರೆ ಬಂದು, ಮಂದೆಯನ್ನೆಲ್ಲ ಪಾವಗಡದ ಕಡೆ ಬಲಸಮುದ್ರದ ಮಗಳ ಮನೆಗೆ ಹೊಡೆಸಿಬಿಟ್ಟಿದ್ದ. ಅಲ್ಲಿ ಮೊದಲೇ ಎರಡು ಗಡವ ನಾಯಿಗಳಿದ್ದವು; ಈ ಎಳೆಯದನ್ನು ಹತ್ತಿರ ಸೇರಿಸಲಿಲ್ಲ, ಕಿವಿ ಹರಿದು ಕಳಿಸಿದವು. ವಾಪಸು ಬಂದದ್ದಕ್ಕೆ ಹುಲಿಕುಂಟೆಯಲ್ಲಿ ಕಾಯಲು ಕುರಿಯಿಲ್ಲ. ಒಂದೂವರೆ ವರ್ಷದ ಹೆಣ್ಣುನಾಯಿ, ಬೂದು ಮೈ, ಕುರಿಯ ನಡುವೆಯೇ ಹುಟ್ಟಿ ಕುರಿಯ ನಡುವೆಯೇ ಮಲಗಿ ಬೆಳೆದದ್ದು. "ನೀವು ಮಡಿಕಳಿ ಸಾಮಿ, ನಿಮ್ಮ ಕೈ ಒಳ್ಳೇದು" ಎಂದನಂತೆ.

ದಾರಿ ಗುರುತು ಹಿಡಿದು ಓಡಿಹೋಗದಿರಲಿ ಎಂದು ಅದರ ಕಣ್ಣಿಗೆ ಟವಲು ಕಟ್ಟಿ, ಮೈಯನ್ನು ಗೋಣಿಚೀಲದಲ್ಲಿ ಕೂರಿಸಿ, ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದರು. "ಮೇಲಿರೋ ಪ್ಯಾಸೆಂಜರಿಗೆ ಪೂರಾ ಟಿಕೀಟೋ ಅರ್ಧವೋ ಸಾಮಿ?" ಎಂದು ಕಂಡಕ್ಟರು ಕೇಳಿದನಂತೆ. "ಮೇಲೆ ಹತ್ತಿ ವಯಸ್ಸು ಕೇಳ್ಕೊಂಡು ಬಾರಯ್ಯ" ಎಂದರಂತೆ ಅಪ್ಪ.

ಕೊಡುವಾಗ ಮುದುಕ ಹೇಳಿದ್ದು ಮೂರೇ ಮಾತು. ಹಳೇ ಹೆಸರು ಹಿಡಿದು ಕರೀಬೇಡಿ. ಮೊದಲ ತುತ್ತು ನಿಮ್ಮ ಕೈಯಾರೆ ಕಲಸಿ ಹಾಕಿ. ಮೂರು ಅಮಾವಾಸ್ಯೆ ಕಳೆಯೋವರೆಗೂ ನಾನು ಅದರ ಕಣ್ಣಿಗೆ ಬೀಳಂಗಿಲ್ಲ. ಕೊಟ್ಟೋನ ಮುಖ ಕಂಡ್ರೆ ನಾಯಿ ಹೊಸ ಮನೆಗೆ ಒಗ್ಗಕಿಲ್ಲ. ಆಮೇಲೆ, ಅಪ್ಪ ಬಸ್ಸಿಗೆ ಹೊರಟಾಗ ಹಿಂದಿನಿಂದ ಕೂಗಿ ಒಂದು ಪ್ರಶ್ನೆ ಕೇಳಿದನಂತೆ: "ನಿಮ್ಮನೇಲಿ ಎಷ್ಟು ತಲೆ ಸಾಮಿ?"

"ಐದು" ಎಂದರಂತೆ ಅಪ್ಪ. ನಾಯಿಗೆ ಹಾಕಲು ಮಿಗುತ್ತದೋ ಇಲ್ಲವೋ ಎಂದು ಕೇಳುತ್ತಿದ್ದಾನೆ ಎಂದುಕೊಂಡರಂತೆ. ನಮಗೂ ಹಾಗೇ ಅನ್ನಿಸಿತು.

ಅಂಗಳದ ಸೀಬೆಮರಕ್ಕೆ ಕಟ್ಟಿದೆವು. ಅಪ್ಪ ತಾವೇ ರಾಗಿಮುದ್ದೆಯನ್ನು ಹಾಲಿನಲ್ಲಿ ಕಲಸಿ ತಂದು ಇಟ್ಟರು. ನಾಯಿ ಮೂಸಿತು, ಮುಖ ತಿರುಗಿಸಿತು. ನೀರು ಕುಡಿಯಿತು, ಅಷ್ಟೇ. ಶನಿವಾರವೂ ಅಷ್ಟೇ. ಭಾನುವಾರ ಅಮ್ಮ ಹಾಲು ಬಿಟ್ಟು ಮಜ್ಜಿಗೆ ಹಾಕಿ ನೋಡಿದಳು, ಉಪ್ಪು ಹಾಕಿ ನೋಡಿದಳು, ಉಪ್ಪಿಲ್ಲದೆ ನೋಡಿದಳು. ತಟ್ಟೆಯಲ್ಲಿ ಬೇಡವೇನೋ ಎಂದು ಬಾಳೆಲೆಯಲ್ಲಿ ಹಾಕಿದಳು. "ನೆಂಟರಿಗೂ ಇಷ್ಟು ಮಾಡಲ್ವಲ್ಲಮ್ಮ" ಎಂದ ಅಣ್ಣ. ಅಪ್ಪ ಬಾಯಿ ಬಿಡಿಸಿ ನೋಡಿದರು, ಜ್ವರ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಯಾವ ಕಾಯಿಲೆಯೂ ಇಲ್ಲ. ಸಂಜೆಯಾದರೆ ಮಾತ್ರ ಹಗ್ಗ ಬಿಗಿಯುವಷ್ಟು ಎಳೆದುಕೊಂಡು, ಗೇಟಿನ ಕಡೆ ಮೂತಿ ಚಾಚಿ ನಿಲ್ಲುತ್ತಿತ್ತು. ಯಾರಾದರೂ ಒಳಗೆ ಬಂದರೆ ಅವರ ಕಾಲಿನತ್ತ ಇನ್ನಷ್ಟು ಜಗ್ಗುತ್ತಿತ್ತು. ಓಡಿಹೋಗಲು ನೋಡುತ್ತಿದೆ ಎಂದು ನಾವು ಹಗ್ಗವನ್ನು ಇನ್ನೊಂದು ಗೇಣು ಗಿಡ್ಡ ಮಾಡಿದೆವು.

ಸೋಮವಾರ ಅದರ ಪಕ್ಕೆಲುಬು ಕಾಣತೊಡಗಿತು. ಅಪ್ಪ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದರು. "ಇನ್ನೆರಡು ದಿನ ಹಿಂಗೇ ಇದ್ರೆ ಉಳಿಯಲ್ಲ" ಎಂದರು.

"ವಾಪಸ್ ಕೊಟ್ಟುಬಿಡಿ" ಎಂದಳು ಅಮ್ಮ.

"ಎಲ್ಲಿಗೆ ಕೊಡ್ಲಿ? ಅಲ್ಲಿ ಖಾಲಿ ರೊಪ್ಪ ಇದೆ. ಅದನ್ನ ನೋಡ್ಕೊಂಡು ಸಾಯುತ್ತೆ, ಅಷ್ಟೇ."

ರೊಪ್ಪ ಎಂದರೆ ಕುರಿಗಳನ್ನು ರಾತ್ರಿ ಕೂಡುವ ಮುಳ್ಳುಬೇಲಿಯ ಆವರಣ. ಆ ಮಾತು ನನ್ನ ತಲೆಯೊಳಗೆ ಹೊಕ್ಕಿದ್ದರೆ ನಾಯಿ ಒಂದು ದಿನ ಮುಂಚೆಯೇ ಉಣ್ಣುತ್ತಿತ್ತೋ ಏನೋ. ನಾನು ಆಗ ಅಣ್ಣನ ಜೊತೆ ವಾದ ಮಾಡುತ್ತಿದ್ದೆ: ನಾಯಿಗೆ ದುಃಖ ಎಂಬುದಿಲ್ಲ, ಅದು ಮನುಷ್ಯರು ಅದಕ್ಕೆ ಅಂಟಿಸುವ ಚೀಟಿ ಎಂದು.

ಮಂಗಳವಾರ ಸಂಜೆ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಪ್ಪನ ಸೈಕಲ್ಲಿನ ಟೈರು ಹೋಗಿ ಅವರು ಬೇಗ ಬಂದಿದ್ದರು. ಅಣ್ಣ ಬಸ್ಸಿಗೆ ಬಂದಿದ್ದ. ಬೆಟ್ಟದ ಬಂಡೆ ಕೆಂಪಾಗಿ, ಇನ್ನೇನು ಕಪ್ಪಾಗುವ ಹೊತ್ತು. ಅಜ್ಜಿ ಒಂದು ಹುಲ್ಲುಕಡ್ಡಿ ತಂದು ನಾಯಿಯ ಬಾಲದುದ್ದಕ್ಕೆ ಅಳೆದು ಮುರಿದು, ಹೊಸ ಪ್ರಾಣಿ ಮನೆಗೆ ಒಗ್ಗಲೆಂದು ಹೊಸ್ತಿಲ ಸಂದಿಯಲ್ಲಿ ತೂರಿಸಿದಳು. ಆಮೇಲೆ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು, ಗೋಡೆಯ ಮೂಲೆಯಲ್ಲಿದ್ದ ಒರಳುಕಲ್ಲಿನ ಸುತ್ತ ನಡೆಸತೊಡಗಿದಳು.

"ಮಾನ್ಯ ಅಧ್ಯಕ್ಷರೇ" ಎಂದೆ ನಾನು, ಜಗಲಿಯ ಮೇಲೆ ನಿಂತು. "ಬಾಲ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು, ಸರಿ. ಹೊಟ್ಟೆಯನ್ನು ಎಲ್ಲಿ ಸಿಕ್ಕಿಸುತ್ತೀರಿ?"

"ಸುಮ್ಕಿರೇ, ನಿನ್ನ ನಾಲಿಗೆ ಅಳೆಯಾಕೆ ಊರಾಗಿರೋ ಹುಲ್ಲೆಲ್ಲ ಬೇಕು."

ಅಣ್ಣ ನಕ್ಕ. ಅಪ್ಪ ನಗಲಿಲ್ಲ. ನಾನು ಬಿಡಲಿಲ್ಲ, ಒರಳುಕಲ್ಲಿಗೂ ಜಠರಕ್ಕೂ ಏನು ಸಂಬಂಧ, ದುಂಡಗಿರುವುದೇ ಅರ್ಹತೆಯಾದರೆ ಬೆಟ್ಟವನ್ನೇ ಯಾಕೆ ಸುತ್ತಿಸಬಾರದು, ಎಂದೆಲ್ಲ ಧ್ವನಿ ಏರಿಸಿ ಹೇಳುತ್ತಲೇ ಇದ್ದೆ. ಮೂರನೆಯ ಸುತ್ತಿನಲ್ಲಿ ನಾಯಿ ತಟ್ಟನೆ ನಿಂತಿತು. ತಲೆಯೆತ್ತಿ, ಹರಿದ ಕಿವಿಯನ್ನೂ ಎತ್ತಿ, ಗೋಡೆಯತ್ತ ನೋಡಿತು. ಅಜ್ಜಿ ಜಗ್ಗಿದರೂ ಕದಲಲಿಲ್ಲ. ಆಮೇಲೆ ಮೈಯನ್ನೊಮ್ಮೆ ಉದ್ದಕ್ಕೆ ಒದರಿ, ನೇರವಾಗಿ ತಟ್ಟೆಗೆ ಹೋಗಿ ಬಾಯಿ ಹಾಕಿತು.

ಅಮ್ಮ ಅತ್ತೇ ಬಿಟ್ಟಳು. ಅಜ್ಜಿ ನನ್ನ ಕಡೆ ನೋಡಿದಳು. ಅಂಥ ಸೋಲನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

"ಓಣೀಲಿ ಗಾಡಿಯವನು ಯಾರೋ ಎತ್ತಿಗೆ ಲೊಚಗುಟ್ಟಿದ ಹಂಗಾಯ್ತು, ಅದಕ್ಕೇ ಬೆಚ್ಚಿ ನಿಂತಿತೇನೋ" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ. ನನಗೆ ಯಾವ ಲೊಚಗುಡುವುದೂ ಕೇಳಿಸಿರಲಿಲ್ಲ. ನಾನು ಮಾತಾಡುತ್ತಿದ್ದೆನಲ್ಲ.

ಮರುದಿನದಿಂದ ನಮ್ಮ ಒರಳುಕಲ್ಲು ಪ್ರಸಿದ್ಧವಾಯಿತು. ಒಬ್ಬರು ಬೆಕ್ಕು ತಂದರು. ಇನ್ನೊಬ್ಬರು ಹಾಲು ಕೊಡದ ಎಮ್ಮೆಯನ್ನೇ ಹೊಡೆದುಕೊಂಡು ಬಂದರು, ಅದು ಗೇಟಿನಲ್ಲಿ ಹಿಡಿಸದೆ ಹೋಯಿತು.

ಬೇರೆಯವರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ನನ್ನದು ಮುಗಿಯಲಿಲ್ಲ. ಯಾಕೆಂದರೆ ಬುಧವಾರ ಮಧ್ಯಾಹ್ನ ಹಾಕಿದ ಮುದ್ದೆಯನ್ನು ನಾಯಿ ಮತ್ತೆ ಮುಟ್ಟಲಿಲ್ಲ. ಸಂಜೆ ಮುಟ್ಟಿತು. ಗುರುವಾರವೂ ಹಾಗೇ. ಶುಕ್ರವಾರ ಅಣ್ಣ ಕೊರಟಗೆರೆಯಲ್ಲೇ ಉಳಿದ. ನಾಯಿ ಆವತ್ತು ಉಣ್ಣಲೇ ಇಲ್ಲ. ಶನಿವಾರ ಸಂಜೆ ಅವನು ಬಂದ ಮೇಲೆ ಎರಡು ದಿನದ್ದೂ ಸೇರಿಸಿ ಉಂಡಿತು. "ಶುಕ್ರವಾರ ಉಪವಾಸ ಹಿಡಿದಿದೆ, ಪುಣ್ಯವಂತೆ" ಎಂದಳು ಅಜ್ಜಿ. ನನ್ನ ಉಗುರಿಗೆ ಸೀಳು ಸಿಕ್ಕಿತು.

ಗಮನಿಸತೊಡಗಿದೆ. ಈಗ ನಾಯಿಯನ್ನು ಕಟ್ಟುತ್ತಿರಲಿಲ್ಲ. ಹೊತ್ತು ಇಳಿಯುತ್ತಲೂ ಗೇಟಿನ ಬಳಿ ಅಡ್ಡಡ್ಡ ಮಲಗುತ್ತಿತ್ತು. ಯಾರಾದರೂ ಬಂದರೆ ಏಳುತ್ತಿತ್ತು, ಬಾಲ ಆಡಿಸಿ ಕುಣಿಯುವುದೇನಿಲ್ಲ; ಹಿಮ್ಮಡಿಯನ್ನು ಒಮ್ಮೆ ಮೂಸಿ, ಅವರ ಹಿಂದೆಯೇ ಹೊಸ್ತಿಲಿನ ತನಕ ನಡೆದು, ಅವರು ಒಳಗೆ ಕಾಲಿಟ್ಟ ಮೇಲೆ ತಿರುಗಿ ಬಂದು ಮತ್ತೆ ಗೇಟಿಗೆ ಅಡ್ಡ ಮಲಗುತ್ತಿತ್ತು. ಪಕ್ಕದ ಮನೆಯವರು ಬಂದರೆ ತಲೆಯನ್ನೂ ಎತ್ತದು. ನಮ್ಮ ಐವರಲ್ಲಿ ಕೊನೆಯವರು ಯಾರೋ, ಅವರು ಹೊಸ್ತಿಲು ದಾಟಿದ ಮೇಲೆ ಮೈಮುರಿದು ತಟ್ಟೆಯ ಹತ್ತಿರ ಹೋಗುತ್ತಿತ್ತು.

ಇದು ಎಣಿಸುತ್ತಿದೆ ಎಂಬುದು ನನಗೆ ಹೊಳೆದಾಗ ಮೊದಲು ನಂಬಲಿಲ್ಲ. ನಂಬದಿದ್ದರೆ ಪರೀಕ್ಷೆ ಮಾಡಬೇಕು ತಾನೆ? ಒಂದು ಸಂಜೆ ಯಾರಿಗೂ ಹೇಳದೆ ಪಕ್ಕದ ಮನೆಯ ಕೊಟ್ಟಿಗೆ ಸೇರಿ, ಹುಲ್ಲಿನ ಮೇಲೆ ಕೂತು, ಗೋಡೆಯಲ್ಲಿದ್ದ ಕಿಂಡಿಗೆ ಕಣ್ಣಿಟ್ಟೆ.

ಅಜ್ಜಿ ಬಂದಳು. ಅಣ್ಣ ಬಂದ. ಅಪ್ಪ ಬಂದರು. ಅಮ್ಮ ತಟ್ಟೆ ತಂದಿಟ್ಟು ಒಳಗೆ ಹೋದಳು. ನಾಯಿ ತಟ್ಟೆಯವರೆಗೆ ಹೋಯಿತು, ಮೂಸಿತು, ಗೇಟಿಗೆ ವಾಪಸು ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಹಸಿವು ಒಂದು ಕಡೆ ಎಳೆಯುವುದು, ಇನ್ನೊಂದೇನೋ ಇನ್ನೊಂದು ಕಡೆ ಎಳೆಯುವುದು ಕಿಂಡಿಯಿಂದಲೇ ಕಾಣುತ್ತಿತ್ತು. ಆಮೇಲೆ ಅದು ಎಂದೂ ಮಾಡದ ಕೆಲಸ ಮಾಡಿತು. ಹೊಸ್ತಿಲು ದಾಟಿ ಮನೆಯೊಳಕ್ಕೆ ಹೋಯಿತು. "ಏ ಏ ಏ, ಎತ್ತಲಾಗೆ?" ಎಂದು ಅಜ್ಜಿ ಕೂಗಿದ್ದು ಕೇಳಿಸಿತು. ನಡುಮನೆ, ಅಡುಗೆಮನೆ, ನನ್ನ ಹಾಸಿಗೆಯ ಮೂಲೆ ಎಲ್ಲ ನೋಡಿಕೊಂಡು ಹೊರಗೆ ಬಂತು. ಅಂಗಳದ ನಡುವೆ ನಿಂತು ಮೂಗನ್ನು ಗಾಳಿಗೆ ಎತ್ತಿತು. ನಿಧಾನವಾಗಿ ತಿರುಗಿತು. ನಾನು ಕಣ್ಣಿಟ್ಟಿದ್ದ ಕಿಂಡಿಯನ್ನೇ ನೋಡಿ, ನಮ್ಮ ಮನೆಗೆ ಬಂದ ಮೇಲೆ ಮೊಟ್ಟಮೊದಲ ಸಲ, ಬೊಗಳಿತು. ಒಂದೇ ಸಲ.

ಕಾಲೇಜಿನ ಸಭಾಂಗಣದಲ್ಲಿ ಎಷ್ಟೋ ಜನ ನನಗೆ ಚಪ್ಪಾಳೆ ತಟ್ಟಿದ್ದಾರೆ. ಆದರೆ ನಾನು ಬರಲಿಲ್ಲವೆಂದು ಅವರಲ್ಲಿ ಒಬ್ಬರ ಊಟವಾದರೂ ನಿಲ್ಲುತ್ತಿತ್ತೆ? ಇಷ್ಟು ದಿನ ನಾನು ಅದನ್ನು ಪರೀಕ್ಷಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅದು ನನ್ನನ್ನು ಕಾಯುತ್ತಿತ್ತು. ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡದೆ ದಿನ ಕಳೆಯುತ್ತಿದ್ದ ಮನೆಯನ್ನು, ಕಿವಿ ಹರಿದ ಒಂದು ಎಳೆಯ ನಾಯಿ ತನ್ನ ಹಸಿವನ್ನು ಒತ್ತೆಯಿಟ್ಟು ದಿನಾ ಸಂಜೆ ಒಂದುಗೂಡಿಸುತ್ತಿತ್ತು. ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ತಲೆಯಲ್ಲಿ ಹುಲ್ಲು ಸಿಕ್ಕಿಸಿಕೊಂಡು ಗೇಟಿಗೆ ಬಂದೆ. ನಾಯಿ ನನ್ನ ಹಿಮ್ಮಡಿ ಮೂಸಿತು. ಹಿಂದೆಯೇ ಬಂದು, ಹೊಸ್ತಿಲ ಹತ್ತಿರ ಮೂತಿಯಿಂದ ಮೀನಖಂಡಕ್ಕೆ ಒಂದು ತಿವಿತ ಕೊಟ್ಟಿತು. ನಡಿ ಒಳಗೆ, ಎಂಬಂತೆ. ಆಮೇಲೆ ಉಣ್ಣಲು ಹೋಯಿತು.

"ಎಲ್ಲಿ ಹಾಳಾಗಿ ಹೋಗಿದ್ಯೇ?" ಎಂದಳು ಅಮ್ಮ.

"ಒರಳುಕಲ್ಲಲ್ಲ ಅಜ್ಜಿ" ಎಂದೆ ನಾನು, ಅಮ್ಮನಿಗೆ ಉತ್ತರ ಕೊಡದೆ. "ನಾವು. ಐದು ಜನ ಒಳಗಾಗಬೇಕು ಅದಕ್ಕೆ. ಆ ಮಂಗಳವಾರ ಎಲ್ಲರೂ ಹೊತ್ತಿಗೆ ಸರಿಯಾಗಿ ಮನೇಲಿದ್ದೆವು, ಅದಕ್ಕೇ ಉಂಡಿತು. ನಿನ್ನ ಕಲ್ಲು ಸುಮ್ಮನೆ ಪಕ್ಕದಲ್ಲಿತ್ತು ಅಷ್ಟೇ."

ಅಜ್ಜಿ ಎಲೆಯಡಿಕೆ ಜಗಿಯುತ್ತ ಯೋಚಿಸಿದಳು. ಎದುರಾಳಿ ಯೋಚಿಸಲು ಹೊತ್ತು ತೆಗೆದುಕೊಂಡರೆ ಹುಷಾರಾಗಿರಬೇಕು.

"ಭಾನುವಾರ ನಿಮ್ಮಣ್ಣಂಗೆ ರಜ" ಎಂದಳು. "ನಿಮ್ಮಪ್ಪನೂ ಎಲ್ಲೂ ಹೋಗಿರಲಿಲ್ಲ. ನಾನು ದೇವಸ್ಥಾನದಿಂದ ಬಂದಿದ್ದೆ. ನೀನು ಇಲ್ಲೇ ಕುಂತು ವಟವಟ ಅಂತಿದ್ದೆ. ಐದೂ ತಲೆ ಒಳಗೇ ಇದ್ವು. ಆವತ್ಯಾಕೆ ಉಣ್ಣಲಿಲ್ಲ ಕಣಮ್ಮ?"

ಆ ಭಾನುವಾರ ನನಗೂ ನೆನಪಿತ್ತು. ನೆನಪಿದ್ದೂ ನನ್ನ ವಾದದಿಂದ ಅದನ್ನು ಹೊರಗಿಟ್ಟಿದ್ದೆ. ಒಪ್ಪಿಕೊಳ್ಳುತ್ತೇನೆ.

"ಆಗಿನ್ನೂ ಅದಕ್ಕೆ ಮನೆಯವರು ಯಾರು ಅಂತ ಗೊತ್ತಿರಲಿಲ್ಲ" ಎಂದೆ.

"ಮಂಗಳವಾರಕ್ಕೆ ಹೆಂಗೆ ಗೊತ್ತಾಯ್ತು? ಐದೇ ಅಂತ ಅದಕ್ಕೆ ಹೇಳ್ದೋರು ಯಾರು?"

ಅಜ್ಜಿ ಗೆದ್ದವಳಂತೆ ನಗಲಿಲ್ಲ. ಆ ಪ್ರಶ್ನೆಗೆ ಅವಳಿಗೂ ನಿಜವಾಗಿ ಉತ್ತರ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಇಬ್ಬರೂ ಜಗಲಿಯಲ್ಲಿ ಕೂತು, ನಾಯಿ ತಟ್ಟೆ ನೆಕ್ಕುವುದನ್ನೇ ನೋಡಿದೆವು.

ಆಮೇಲಿನ ತಿಂಗಳುಗಳಲ್ಲಿ ಬದಲಾದದ್ದು ನಾವು. ಅಣ್ಣ ಗೆಳೆಯನ ರೂಮಿನಲ್ಲಿ ಉಳಿಯುವುದು ನಿಂತಿತು. ಅಪ್ಪ ಐ.ಡಿ.ಹಳ್ಳಿಯಲ್ಲಿ ಕಾಫಿಗೆ ಕರೆದರೆ "ಇಲ್ಲ ಕಣಯ್ಯ, ನಾಯಿ ಉಪವಾಸ ಕೂತಿರ್ತದೆ" ಎಂದು ಸೈಕಲ್ ಹತ್ತುತ್ತಿದ್ದರಂತೆ. ಒಟ್ಟಿಗೆ ಬಂದ ಮೇಲೆ ಒಟ್ಟಿಗೆ ಉಣ್ಣದೆ ಏನು ಮಾಡುವುದು? ಉಣ್ಣತೊಡಗಿದೆವು. ಹೆಸರಿನ ವಿಷಯದಲ್ಲಿ ಮಾತ್ರ ಐದು ಜನರದು ಐದು ಅಭಿಪ್ರಾಯ. ಕೊನೆಗೆ 'ಬಾರೇ' ಎನ್ನುವುದೇ ಅದರ ಹೆಸರಾಯಿತು.

ಮೂರನೆಯ ಅಮಾವಾಸ್ಯೆ ಕಳೆದ ಎರಡನೆಯ ದಿನ ಮಧ್ಯಾಹ್ನ ಮುದುಕ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನಮ್ಮ ಗೇಟಿನ ಮುಂದೆ ಚರಂಡಿಗೆ ಹಾಕಿದ ಚಪ್ಪಡಿ ಒಂದು ಕಡೆ ಎದ್ದು ನಿಂತಿತ್ತು. ಹೊಸಬರು ಯಾರೇ ಬಂದರೂ ಅದಕ್ಕೆ ಎಡವಿಯೇ ಒಳಗೆ ಬರುವುದು. ಕಣ್ಣಿಗೆ ಪೊರೆ ಬಂದ ಮುದುಕ ಗೋಡೆಯ ಮೇಲೆ ಕೈಯಾಡಿಸುತ್ತ ಬಂದು, ಆ ಚಪ್ಪಡಿಯ ಹತ್ತಿರ ಕಾಲು ಎತ್ತರಕ್ಕೆ ಎತ್ತಿ ದಾಟಿದ. ಆಗ ಅದು ನನ್ನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ನನ್ನ ಕಣ್ಣೆಲ್ಲ ನಾಯಿಯ ಮೇಲಿತ್ತು. ಹಾರಿ ಮೈಮೇಲೆ ಬೀಳುತ್ತದೆ, ಅವನ ಹಿಂದೆ ಹೊರಟುಹೋಗುತ್ತದೆ, ಮೂರು ತಿಂಗಳ ನಮ್ಮ ಸಂಜೆಗಳೆಲ್ಲ ಇವತ್ತಿಗೆ ಮುಗಿದವು ಎಂದುಕೊಂಡೆ. ನಾಯಿ ಎದ್ದಿತು. ನಡುಗುತ್ತಿತ್ತು, ಬಾಲದ ತುದಿಯಿಂದ ಮೂಗಿನವರೆಗೂ. ಆದರೆ ಹಾರಲಿಲ್ಲ. ಹತ್ತಿರ ಬಂದು ಅವನ ಒಂದು ಹಿಮ್ಮಡಿ ಮೂಸಿತು, ಇನ್ನೊಂದನ್ನೂ ಮೂಸಿತು. ಆಮೇಲೆ ಅವನ ಹಿಂದೆ ನಿಂತು, ಮೂತಿಯಿಂದ ಮೀನಖಂಡಕ್ಕೆ ಮೆಲ್ಲಗೆ ತಿವಿದು, ಹೊಸ್ತಿಲಿನ ತನಕ ನಡೆಸಿಕೊಂಡು ಬಂತು.

ಮುದುಕ ಜಗಲಿಯ ಕಂಬ ಹಿಡಿದುಕೊಂಡ. "ನೋಡವ್ವ" ಎಂದ, "ನನ್ನೂ ಕುರಿ ಮಾಡ್ಬುಡ್ತು."

ಸಂಜೆಯ ಬಸ್ಸಿಗೆ ಸಿರಾಕ್ಕೆ ಹೋಗಿಬಿಡುತ್ತೇನೆ ಎಂದ. ಹೊತ್ತು ಇಳಿದು ಮನೆಯವರೆಲ್ಲ ಬಂದರು. ಅಮ್ಮ ತಟ್ಟೆ ಇಟ್ಟಳು. ಮುದುಕ ಕೋಲು ತೆಗೆದುಕೊಂಡು ಎದ್ದ. ನಾಯಿ ತಟ್ಟೆ ಬಿಟ್ಟು ಬಂದು ಗೇಟಿಗೆ ಅಡ್ಡ ಮಲಗಿ ಅವನನ್ನೇ ನೋಡಿತು.

"ಒಳಗಾದೋರನ್ನ ಅದು ಹೊರಗೆ ಬಿಡಲ್ಲ" ಎಂದರು ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ.

"ಬಿಟ್ರೆ ನಾನು ಕಲ್ಸಿದ್ದಕ್ಕೆ ಏನ್ ಬಂತು ಸಾಮಿ" ಎಂದು ಮುದುಕ ಮತ್ತೆ ಕೂತ.

ನಾನು ಬಿಡುತ್ತೇನೆಯೇ? "ಏನು ಕಲಿಸಿದ್ದೆ ತಾತ?"

"ಕುರಿ ಎಲ್ಲಾ ರೊಪ್ಪದ ಒಳಗಾಗ್ಬೇಕು. ಒಂದೊಂದನ್ನೂ ಮುಟ್ಟಿ ಎಣಿಸ್ಬೇಕು. ಬಾಗ್ಲಿಗೆ ಮುಳ್ಳು ಹಾಕ್ಬೇಕು. ಆಮ್ಯಾಕೆ ನಾವು ಉಣ್ಣೋದು, ಆಮ್ಯಾಕೆ ನಾಯಿ."

"ಇದನ್ನ ಮೊದಲೇ ಅಪ್ಪನ ಹತ್ತಿರ ಯಾಕೆ ಹೇಳಲಿಲ್ಲ? ಐದು ದಿನ ಸಾಯೋ ಹಾಗಾಗಿತ್ತು ಇಲ್ಲಿ!"

ಮುದುಕ ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿದ. ಅವನ ಮುಖದಲ್ಲಿದ್ದದ್ದು ಬರೀ ಆಶ್ಚರ್ಯ. "ಹೇಳಾದೇನವ್ವ ಅದ್ರಾಗೆ?" ಎಂದ. "ಮನೇರೆಲ್ಲ ಒಳಗಾಗಾಕೆ ಮುಂಚೆ ಯಾರಾನ ಉಣ್ತಾರಾ?"

ಅಪ್ಪ ನೆಲ ನೋಡಿದರು. ಕುರಿಗಳ ಬಾಯಿ, ಗೊರಸು, ಕರುಳು ಎಲ್ಲ ಬಲ್ಲವರು ಅವರು. ಆದರೆ ರೊಪ್ಪ ತುಂಬುವ ಹೊತ್ತಿಗೆ ಯಾವತ್ತೂ ಅಲ್ಲಿ ನಿಂತವರಲ್ಲ. ಅಷ್ಟರಲ್ಲಿ ಮನೆಯ ದಾರಿ ಹಿಡಿದಿರುತ್ತಿದ್ದರು.

ನಾಯಿ ಇನ್ನೂ ಗೇಟಿನಲ್ಲೇ ಇತ್ತು. ಮುದುಕ ಯಾವುದೋ ಯೋಚನೆಯಲ್ಲಿ, ಕೈ ಕಂಬಳಿಯ ಅಂಚು ಹೊಸೆಯುತ್ತಿರುವಂತೆಯೇ, 'ಟಕ್ ಟಕ್' ಎಂದು ಎರಡು ಸಲ ನಾಲಿಗೆ ಲೊಚಗುಟ್ಟಿದ. ಎತ್ತಿಗೆ ಗಾಡಿಯವನು ಮಾಡುವ ಹಾಗೆ. ನಾಯಿ ತಲೆಯೆತ್ತಿ ಎರಡು ಕಿವಿಯನ್ನೂ ಎತ್ತಿತು, ಮೈಯನ್ನು ಉದ್ದಕ್ಕೆ ಒದರಿತು, ತಟ್ಟೆಗೆ ಹೋಯಿತು.

"ಮುಳ್ಳು ಹಾಕಾಯ್ತು, ಇನ್ನು ಉಣ್ಣು ಅಂತ" ಎಂದು ವಿವರಿಸಿದ.

ಅಮ್ಮ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದವಳು ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು.

ಆ ರಾತ್ರಿ ಮುದುಕ ನಮ್ಮ ಜಗಲಿಯಲ್ಲೇ ಮಲಗಿದ. ಬೆಳಿಗ್ಗೆ ನಾಯಿ ಅವನನ್ನು ತಡೆಯಲಿಲ್ಲ. ಬೆಳಗಾದರೆ ಎಲ್ಲರೂ ಹೊರಡುವವರೇ ಎಂಬುದು ಅದಕ್ಕೆ ಗೊತ್ತು. ಓಣಿಯ ತುದಿಯವರೆಗೆ ಅವನ ಜೊತೆ ಬಂತು. ಅಲ್ಲಿ ಕೂತಿತು. ಅವನು ಹತ್ತು ಹೆಜ್ಜೆ ಹೋದ ಮೇಲೆ ಎದ್ದು, ನಮ್ಮ ಮನೆಯ ಕಡೆ ತಿರುಗಿ ನಡೆಯಿತು. ಅವನು ಹಿಂದಿರುಗಿ ನೋಡಲಿಲ್ಲ. ಆದರೆ ಕಿವಿಗೊಟ್ಟು ಅದರ ಉಗುರಿನ ಸದ್ದು ದೂರವಾಗುವುದನ್ನು ಕೇಳುತ್ತಿದ್ದ, ಅದನ್ನು ನಾನು ಕಂಡೆ.

ಬಸ್‌ಸ್ಟ್ಯಾಂಡಿನವರೆಗೆ ಅವನ ಕೈ ಹಿಡಿದು ಕರೆದುಕೊಂಡು ಹೋದೆ. ಸಾಕ್ಷ್ಯವೆಲ್ಲ ನನ್ನ ಬಳಿ ಜೋಡಿಸಿಟ್ಟಂತಿತ್ತು. ಎಷ್ಟು ತಲೆ ಎಂದು ಕೂಗಿ ಕೇಳಿದ್ದು. ಯಾರೂ ಹೇಳಿಕೊಡದೆ ದಾಟಿದ ಚಪ್ಪಡಿ. ಅಮ್ಮನಿಗೆ ಕೇಳಿಸಿ, ಮಾತಿನ ಮಲ್ಲಿಯಾದ ನನಗೆ ಕೇಳಿಸದೆ ಹೋದ ಲೊಚಗುಡುವಿಕೆ. ಮುಖ ತೋರಿಸಬಾರದು ಎಂಬುದು ಕಟ್ಟಲೆ. ಸದ್ದು ಮಾಡಬಾರದು ಎಂದು ಕಟ್ಟಲೆಯಲ್ಲಿ ಎಲ್ಲಿದೆ? ಆದರೂ ಒಂದು ಸೀಳು ಉಳಿದೇ ಇತ್ತು. ಆ ಮಂಗಳವಾರದ ನಂತರ ಮೂರು ತಿಂಗಳು ಯಾರೂ ಲೊಚಗುಟ್ಟಲಿಲ್ಲ. ನಾಯಿ ತಾನೇ ಎಣಿಸಿತು, ತಾನೇ ಮುಳ್ಳು ಹಾಕಿತು. ಒಂದೇ ಒಂದು ಸಲ ಗೋಡೆಯಾಚೆಯಿಂದ ಕೇಳಿದ ಸದ್ದಿಗೆ ಒಂದು ಮನೆಯನ್ನೇ ತನ್ನದೆಂದು ಒಪ್ಪಿಕೊಳ್ಳಲು ಆಗುತ್ತದೆಯೇ? ಕಣ್ಣು ಕಾಣದ ಮುದುಕ ಎರಡು ಬಸ್ಸು ಹತ್ತಿ ಬಂದು, ಬೇರೆಯವರ ಗೋಡೆಗೆ ಬೆನ್ನು ಕೊಟ್ಟು, ಹೆಜ್ಜೆಸದ್ದಿನಲ್ಲೇ ನಮ್ಮನ್ನು ಒಬ್ಬೊಬ್ಬರಾಗಿ ಎಣಿಸಿ ತನ್ನ ಲೆಕ್ಕವನ್ನು ಅದಕ್ಕೆ ಒಪ್ಪಿಸಿ ಹೋಗುತ್ತಾನೆಯೇ?

ಒಮ್ಮೆ ಕೇಳಿದೆ. "ಬಸ್ಸು ಬಂತಾ ನೋಡವ್ವ" ಎಂದ.

ಬಸ್ಸು ಬಂದೇ ಬಂತು. ಹತ್ತಿಸಿದೆ. ಕಿಟಕಿಯ ಪಕ್ಕ ಕೂತು ಕಂಬಳಿಯನ್ನು ಮಡಿಲಲ್ಲಿ ಮಡಚಿಕೊಂಡ. ಕಂಡಕ್ಟರು ಸೀಟಿ ಊದಿದ. ಕಿಟಕಿಯ ಸರಳು ಹಿಡಿದು, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತ, ಪೊರೆಗಟ್ಟಿದ ಆ ಕಣ್ಣನ್ನೇ ನೋಡುತ್ತ ಮತ್ತೆ ಕೇಳಿದೆ: "ತಾತ, ಆ ಮಂಗಳವಾರ ಸಂಜೆ ನಮ್ಮ ಗೋಡೆಯಾಚೆ ಇದ್ದೋನು ನೀನೇ ಅಲ್ವಾ?"